ಅಪ್‌ಡೇಟ್ ಆದ ಮೇಲೆ ಕೈ ತಡವರಿಸುತ್ತಿದ್ದರೆ ಏನು ಮಾಡಬೇಕು

1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂದಾಗಿನಿಂದಲೂ ತೆರೆದ ಪ್ರೋಗ್ರಾಮುಗಳ ಗುರುತು ಕಾಣುವ ಪಟ್ಟಿಯಾದ ಟಾಸ್ಕ್‌ಬಾರನ್ನು ಸ್ಕ್ರೀನಿನ ಯಾವ ಅಂಚಿಗೆ ಬೇಕಾದರೂ ಎಳೆದು ಕೂರಿಸಬಹುದಿತ್ತು. ಹೆಚ್ಚಿನವರು ಅದನ್ನು ಕೆಳಗೇ ಬಿಟ್ಟರು. ಕೆಲವರು ಎಡಕ್ಕೋ ಮೇಲಕ್ಕೋ ಒಯ್ದು, ವರ್ಷಗಟ್ಟಲೆ ಹಾಗೇ ಬಳಸಿ, ಅದು ಹಾಗಿರುವುದೇ ಸಹಜ ಎನ್ನುವಷ್ಟು ಒಗ್ಗಿಹೋದರು. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂತು. ಅದರ ಟಾಸ್ಕ್‌ಬಾರ್ ಕೆಳಗೆ ಕೂತದ್ದು ಎಷ್ಟು ಎಳೆದರೂ ಮೇಲೇಳಲಿಲ್ಲ. 26 ವರ್ಷ ಇದ್ದ ಸವಲತ್ತು ಒಂದು ರಾತ್ರಿಯ ಅಪ್‌ಡೇಟ್‌ನಲ್ಲಿ ಹೋಗಿತ್ತು.

ಇಂಥದ್ದಕ್ಕೆಲ್ಲ ಯಾರಾದರೂ ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನಗುವವರಿದ್ದಾರೆ. ಅಡುಗೆಮನೆಯಲ್ಲಿ ಎಣ್ಣೆ ಕಾದಾಗ ಅಮ್ಮ ನೋಡದೆಯೇ ಕೈ ಚಾಚಿ ಸಾಸಿವೆ ಡಬ್ಬಿ ತೆಗೆಯುತ್ತಾರಲ್ಲ, ಆ ಡಬ್ಬಿಯನ್ನು ಹೇಳದೆ ಕೇಳದೆ ಬೇರೆ ಕಪಾಟಿಗೆ ಇಟ್ಟು ನೋಡಿ. ಡಬ್ಬಿ ಹೊಸದಾಗಿ, ಚೆಂದವಾಗಿದೆ ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ. ಕಂಪ್ಯೂಟರಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವವರಿಗೂ ಅಷ್ಟೇ: ಕಣ್ಣು ಪತ್ರದ ಮೇಲಿರುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಆ ಕೈ ತಡವರಿಸಿದಾಗ ಕೆಲಸವೇ ನಿಲ್ಲುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ, ಇಷ್ಟವಿಲ್ಲದಿದ್ದರೂ 11ಕ್ಕೆ ಬಂದವರು ಬಹಳ ಮಂದಿ. ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕ್ರಮ ಮಾತ್ರ ಯಾವ ಸಾಫ್ಟ್‌ವೇರಿಗೂ ನಡೆಯುತ್ತದೆ. ಮೆನುವಿನ ಹೆಸರುಗಳನ್ನು ಸ್ಕ್ರೀನಿನಲ್ಲಿ ಇಂಗ್ಲಿಷಿನಲ್ಲಿ ಕಾಣುವಂತೆಯೇ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ.

ಮೊದಲ ಮೂರು ದಿನ ಬರೆದಿಡುವುದಷ್ಟೇ ಕೆಲಸ

ಸಿಟ್ಟಿನಲ್ಲಿ ಮೊದಲು ಮಾಡುವ ಕೆಲಸವೆಂದರೆ ಯೂಟ್ಯೂಬ್ ತೆರೆದು, ಯಾರೋ ಹೇಳಿದಂತೆ ರಿಜಿಸ್ಟ್ರಿಗೆ (ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಉಗ್ರಾಣ) ಕೈ ಹಾಕುವುದು. ಅದನ್ನು ಮಾಡಬೇಡಿ. ಕೀಬೋರ್ಡಿನ ಪಕ್ಕ ಒಂದು ಚೀಟಿ ಇಡಿ. ಕೈ ತಡವರಿಸಿದಾಗೆಲ್ಲ ಒಂದು ಸಾಲು ಬರೆಯಿರಿ: ಏನು ಮಾಡಲು ಹೊರಟಿದ್ದೆ, ಏನು ಒತ್ತಿದೆ, ಏನಾಯಿತು. "ಹೊಸದು ದರಿದ್ರ" ಎಂದು ಬರೆದರೆ ಪ್ರಯೋಜನವಿಲ್ಲ. "ಎರಡು ವರ್ಡ್ ಫೈಲ್ ತೆರೆದಿದ್ದೆ, ಕೆಳಗೆ ಒಂದೇ ಗುರುತು ಕಾಣುತ್ತಿದೆ, ಹೆಸರು ಕಾಣುತ್ತಿಲ್ಲ" ಎಂದು ಬರೆದರೆ ಅದಕ್ಕೆ ಮದ್ದು ಹುಡುಕಬಹುದು.

ನಾನು ಹೀಗೆ ಮಾಡಿದಾಗ ಮೂರು ದಿನಕ್ಕೆ ಹದಿನಾಲ್ಕು ಸಾಲಾದವು. ವಾರ ಕಳೆಯುವಷ್ಟರಲ್ಲಿ ಐದು ಸಾಲು ತಾವಾಗಿಯೇ ಹೊಡೆದುಹೋದವು, ಕೈ ಕಲಿತುಬಿಟ್ಟಿತ್ತು. ಬರೆಯದೇ ಇದ್ದಿದ್ದರೆ ಆ ಐದಕ್ಕೂ ಏನೇನೋ ಇನ್‌ಸ್ಟಾಲ್ ಮಾಡುತ್ತಿದ್ದೆ.

ಒಂದು ಗಡುವು ಮಾತ್ರ ನೆನಪಿರಲಿ. ವಿಂಡೋಸ್ 10ರಿಂದ 11ಕ್ಕೆ ಬಂದಿದ್ದರೆ ಹಿಂದಕ್ಕೆ ಹೋಗಲು 10 ದಿನಗಳಿವೆ. ಸೆಟ್ಟಿಂಗ್ಸ್ > ಸಿಸ್ಟಮ್ > ರಿಕವರಿ, ಅಲ್ಲಿ ಗೋ ಬ್ಯಾಕ್. ಹಳೆಯ ವಿಂಡೋಸ್ ಅಷ್ಟು ದಿನ ಡಿಸ್ಕಿನ ಒಂದು ಫೋಲ್ಡರಿನಲ್ಲಿ ಕೂತಿರುತ್ತದೆ. ಆಮೇಲೆ ತಾನಾಗಿ ಅಳಿಯುತ್ತದೆ. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಓಡಿಸಿ ಹಿಂದಿನ ಇನ್‌ಸ್ಟಾಲೇಶನ್ನಿಗೂ ಟಿಕ್ ಹಾಕಿದರೆ ಆ ದಾರಿ ಅಂದೇ ಮುಚ್ಚಿತು. ಹಿಂದಕ್ಕೆ ಹೋದರೆ ನಿಮ್ಮ ಫೈಲುಗಳು ಉಳಿಯುತ್ತವೆ, ನಡುವೆ ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ. ಏನೇ ಆಗಲಿ ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಕೊಳ್ಳಿ. ವಿಂಡೋಸ್ 10ರಲ್ಲಿ ಉಳಿಯುವ ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಘೋಷಿಸಿದ್ದು 2026ರ ಅಕ್ಟೋಬರ್ 13ರ ತನಕ, ಅದೂ ಹೆಸರು ನೋಂದಾಯಿಸಿದವರಿಗೆ ಮಾತ್ರ. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರ್ ಆದರೆ ಟಾಸ್ಕ್‌ಬಾರಿನ ಸಿಟ್ಟಿಗೆ ಹಿಂದಕ್ಕೆ ಹೋಗಬೇಡಿ ಎನ್ನುವುದು ನನ್ನ ಮಾತು.

ಚೀಟಿಯಲ್ಲಿರುವುದನ್ನು ಮೂರು ಮಾಡಿ

ಮೇಲ್ನೋಟಕ್ಕೆ ಎಲ್ಲವೂ "ತೆಗೆದುಬಿಟ್ಟಿದ್ದಾರೆ" ಎಂದೇ ಕಾಣುತ್ತದೆ. ಆದರೆ ಕೆಲವು ಜಾಗ ಬದಲಿಸಿವೆ. ಕೆಲವು ಇವೆ, ಡಿಫಾಲ್ಟ್ (ನಾವು ಬದಲಿಸದಿದ್ದರೆ ತಾನಾಗಿ ಇರುವ ಆಯ್ಕೆ) ಮಾತ್ರ ತಿರುಗಿದೆ. ಉಳಿದವು ನಿಜಕ್ಕೂ ಇಲ್ಲ.

ಡಿಫಾಲ್ಟ್ ತಿರುಗುವುದಕ್ಕೆ ಒಳ್ಳೆಯ ಉದಾಹರಣೆ ಮ್ಯಾಕ್‌ನದ್ದು. 2011ರ ಲಯನ್ ಆವೃತ್ತಿಯಲ್ಲಿ ಸ್ಕ್ರೋಲ್ ದಿಕ್ಕೇ ತಲೆಕೆಳಗಾಯಿತು. ಬೆರಳು ಮೇಲೆ ಹೋದರೆ ಪುಟವೂ ಮೇಲೆ. ಜನ ಗಾಬರಿಯಾದರು. ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಹಳೆಯದೇ ಬರುತ್ತಿತ್ತು, ಈಗಲೂ ಬರುತ್ತದೆ.

ನಿಜಕ್ಕೂ ಇಲ್ಲವಾದವುಗಳ ಹಿಂದಿನ ಕಾರಣ ತಿಳಿದಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ. ವಿಂಡೋಸ್ 11ರ ಟಾಸ್ಕ್‌ಬಾರ್ ಹಳೆಯದಕ್ಕೆ ಬಣ್ಣ ಬಳಿದದ್ದಲ್ಲ, ಬುಡದಿಂದ ಹೊಸದಾಗಿ ಬರೆದದ್ದು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಹಿತ್ತಿಲ ಬಾಗಿಲು ಮರೆತಂತೆ, ಬರೆಯದೇ ಬಿಟ್ಟದ್ದು ನಮ್ಮ ಕಣ್ಣಿಗೆ ತೆಗೆದದ್ದಾಗಿ ಕಾಣುತ್ತದೆ. ಬರೆಯದೇ ಬಿಟ್ಟದ್ದು ಮುಂದೆ ಬರಬಹುದು, ಬಂದದ್ದೂ ಉಂಟು: ಫೈಲನ್ನು ಟಾಸ್ಕ್‌ಬಾರಿನ ಗುರುತಿನ ಮೇಲೆ ಎಳೆದು ಬಿಡುವುದು 2021ರಲ್ಲಿ ಇರಲಿಲ್ಲ, 2022ರ ಸೆಪ್ಟೆಂಬರಿನ 22ಎಚ್2 ಆವೃತ್ತಿಯಲ್ಲಿ ಮರಳಿತು. ಕಿಟಕಿಗಳ ಹೆಸರು ಬಿಡಿಬಿಡಿಯಾಗಿ ಕಾಣುವ ಆಯ್ಕೆ 2023ರಲ್ಲಿ ಬಂತು. ಹೀಗಾಗಿ ಏನಾದರೂ ಇಲ್ಲವೆಂದು ತೀರ್ಮಾನಿಸುವ ಮೊದಲು ನಿಮ್ಮ ವಿಂಡೋಸ್ ಪೂರ್ತಿ ಅಪ್‌ಡೇಟ್ ಆಗಿದೆಯೇ ನೋಡಿ. ಅಪ್‌ಡೇಟ್‌ನಿಂದಾದ ನೋವಿಗೆ ಅಪ್‌ಡೇಟೇ ಮುಲಾಮು ಎನ್ನುವುದು ವಿಚಿತ್ರ, ಆದರೆ ಹಲವು ಸಲ ನಿಜ.

ಸೆಟ್ಟಿಂಗ್ಸ್‌ನಲ್ಲೇ ಸಿಗುವವು

ಸ್ಟಾರ್ಟ್ ಬಟನ್ ನಡುವಿಗೆ ಹೋಗಿದೆಯೇ? ಟಾಸ್ಕ್‌ಬಾರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂದಿರುತ್ತದೆ, ಅಲ್ಲಿ ಅಲೈನ್‌ಮೆಂಟ್ ಅನ್ನು ಲೆಫ್ಟ್ ಮಾಡಿ. ಹಳೆಯ ಮೂಲೆಗೆ ಸ್ಟಾರ್ಟ್ ಮರಳುತ್ತದೆ. ಟಾಸ್ಕ್‌ಬಾರನ್ನೇ ಬೇರೆ ಅಂಚಿಗೆ ಒಯ್ಯುವ ಆಯ್ಕೆ ನಿಮ್ಮ ಆವೃತ್ತಿಯಲ್ಲಿ ಇದ್ದರೆ ಅದೂ ಸಿಗುವುದು ಇದೇ ಪುಟದಲ್ಲಿ.

ಅಲ್ಲೇ ಇರುವ ಇನ್ನೊಂದು ಸಾಲು ಇಡೀ ಲೇಖನದಲ್ಲೇ ಹೆಚ್ಚು ಉಪಯೋಗದ್ದು: ಕಂಬೈನ್ ಟಾಸ್ಕ್‌ಬಾರ್ ಬಟನ್ಸ್. ಅದನ್ನು ನೆವರ್ ಎಂದು ಬದಲಿಸಿದರೆ ತೆರೆದ ಪ್ರತಿ ಕಿಟಕಿಯೂ ತನ್ನ ಹೆಸರಿನೊಂದಿಗೆ ಬೇರೆಯಾಗಿ ಕಾಣುತ್ತದೆ. ಆರು ಲಗ್ನಪತ್ರಿಕೆಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳುವ ಡಿಟಿಪಿ ಅಂಗಡಿಯವರಿಗೆ, ಹತ್ತು ಎಕ್ಸೆಲ್ ಹಾಳೆ ನೋಡುವ ಲೆಕ್ಕಪತ್ರದವರಿಗೆ ಇದೊಂದೇ ಸಾಕು, ಅರ್ಧ ಸಿಟ್ಟು ಇಳಿಯುತ್ತದೆ.

ಬಲ ಕೆಳಮೂಲೆಯ ತುದಿಗೆ ಕ್ಲಿಕ್ ಮಾಡಿದರೆ ಎಲ್ಲ ಮುಚ್ಚಿ ಡೆಸ್ಕ್‌ಟಾಪ್ ಕಾಣುತ್ತಿತ್ತಲ್ಲ, ಅದು ನಿಂತಿದ್ದರೆ ಅದೂ ಇದೇ ಪಟ್ಟಿಯಲ್ಲಿದೆ. ಸೆಲೆಕ್ಟ್ ದ ಫಾರ್ ಕಾರ್ನರ್ ಎಂದು ಶುರುವಾಗುವ ಸಾಲಿಗೆ ಟಿಕ್ ಹಾಕಿ.

ಪ್ರಿಂಟ್ ಸ್ಕ್ರೀನ್ ಕೀ ಒತ್ತಿ ಪೇಂಟ್‌ನಲ್ಲಿ ಪೇಸ್ಟ್ ಮಾಡುತ್ತಿದ್ದವರಿಗೆ ಈಗ ಸ್ಕ್ರೀನ್ ಮಬ್ಬಾಗಿ ಕತ್ತರಿಸುವ ಸಲಕರಣೆ ತೆರೆಯುತ್ತದೆ. ಸೆಟ್ಟಿಂಗ್ಸ್ > ಆಕ್ಸೆಸಿಬಿಲಿಟಿ > ಕೀಬೋರ್ಡ್, ಅಲ್ಲಿ ಪ್ರಿಂಟ್ ಸ್ಕ್ರೀನ್ ಕೀ ಎಂದಿರುವ ಗುಂಡಿಯನ್ನು ಆಫ್ ಮಾಡಿದರೆ ಹಳೆಯ ರೀತಿ. ಹೊಸದು ಕೆಟ್ಟದ್ದಲ್ಲ, ಬೇಕಾದಷ್ಟೇ ಕತ್ತರಿಸಿಕೊಳ್ಳಬಹುದು; ಆದರೆ ದಿನಕ್ಕೆ ನೂರು ಸಲ ಪೂರ್ತಿ ಸ್ಕ್ರೀನ್ ಬೇಕಾದವರಿಗೆ ಒಂದು ಕ್ಲಿಕ್ ಹೆಚ್ಚು ಎಂದರೆ ನೂರು ಕ್ಲಿಕ್.

ಪ್ರಿಂಟರ್ ಇಟ್ಟುಕೊಂಡಿರುವವರು ಇದನ್ನು ತಪ್ಪದೆ ನೋಡಿ. 2015ರ ಕೊನೆಯಿಂದ ವಿಂಡೋಸ್ ತಾನೇ ಡಿಫಾಲ್ಟ್ ಪ್ರಿಂಟರ್ ಆರಿಸುತ್ತದೆ: ಕೊನೆಗೆ ಯಾವುದಕ್ಕೆ ಕೊಟ್ಟಿರೋ ಅದೇ ಮುಂದಿನ ಡಿಫಾಲ್ಟ್. ಒಂದು ಫೋಟೋ ಕಲರ್ ಪ್ರಿಂಟರಿಗೆ ಹೋಯಿತೆನ್ನಿ. ಮುಂದಿನ ನಲವತ್ತು ಪುಟದ ಜೆರಾಕ್ಸ್ ದರದ ಕೆಲಸವೂ ಅದಕ್ಕೇ ಹೋಗಿ ಕಲರ್ ಇಂಕ್ ಸುರಿಯುತ್ತದೆ. ಸೆಟ್ಟಿಂಗ್ಸ್ > ಬ್ಲೂಟೂತ್ ಆಂಡ್ ಡಿವೈಸಸ್ > ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್, ಅಲ್ಲಿ ಲೆಟ್ ವಿಂಡೋಸ್ ಮ್ಯಾನೇಜ್ ಎಂಬುದನ್ನು ಆಫ್ ಮಾಡಿ, ಆಮೇಲೆ ನಿಮ್ಮ ಪ್ರಿಂಟರನ್ನು ಆರಿಸಿ ಡಿಫಾಲ್ಟ್ ಮಾಡಿ.

ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಾಲುಗಳ ನಡುವೆ ಅಂತರ ಜಾಸ್ತಿಯಾಗಿ ಸ್ಕ್ರೀನಿಗೆ ಹಿಡಿಯುವ ಫೈಲುಗಳು ಕಡಿಮೆಯಾಗಿದ್ದರೆ ವ್ಯೂ ಮೆನುವಿನಲ್ಲಿ ಕಾಂಪ್ಯಾಕ್ಟ್ ವ್ಯೂ ಇದೆ. ತೆರೆದ ಕೂಡಲೆ ದಿಸ್ ಪೀಸಿ ಕಾಣಬೇಕೆಂದರೆ ಮೂರು ಚುಕ್ಕಿಯ ಮೆನುವಿನ ಆಪ್ಷನ್ಸ್‌ನಲ್ಲಿ ಮೊದಲ ಸಾಲು ಬದಲಿಸಿ. ನೋಟ್‌ಪ್ಯಾಡ್ ತೆರೆದರೆ ನಿನ್ನೆ ಉಳಿಸದೇ ಬಿಟ್ಟದ್ದೆಲ್ಲ ಎದ್ದು ಕೂರುತ್ತಿದ್ದರೆ ಅದರೊಳಗಿನ ಹಲ್ಲುಚಕ್ರ ಒತ್ತಿ, ಹಿಂದಿನ ಸೆಷನ್ ಬೇಡ ಎಂದು ಹೇಳಬಹುದು. ವರ್ಡ್‌ಪ್ಯಾಡ್ ಹುಡುಕುತ್ತಿದ್ದರೆ ಹುಡುಕುವುದು ಬಿಡಿ. 2024ರ 24ಎಚ್2 ಆವೃತ್ತಿಯಿಂದ ಅದು ಇಲ್ಲ. ಅದರಲ್ಲಿ ಮಾಡಿದ ಫೈಲುಗಳನ್ನು ಲಿಬ್ರೆ ಆಫೀಸ್ ರೈಟರ್ ತೆರೆಯುತ್ತದೆ, ಹಣ ಕೊಡಬೇಕಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ

ಇಂಗ್ಲಿಷ್ ಒಂದನ್ನೇ ಬಳಸುವವರು ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದಿಲ್ಲ. ನಮಗೆ ಹೆಚ್ಚು ಕಾಟ ಕೊಡುವುದು ಇದೇ.

ವಿಂಡೋಸ್ 7ರ ತನಕ ಕೀಬೋರ್ಡ್ ಭಾಷೆ ಪ್ರತಿ ಕಿಟಕಿಗೂ ಬೇರೆ ಇರುತ್ತಿತ್ತು. ವರ್ಡ್‌ನಲ್ಲಿ ಕನ್ನಡ, ಪಕ್ಕದ ಬ್ರೌಸರಿನಲ್ಲಿ ಇಂಗ್ಲಿಷ್. ಅತ್ತಿಂದಿತ್ತ ಹೋದರೆ ಭಾಷೆಯೂ ತಾನಾಗಿ ಬದಲಾಗುತ್ತಿತ್ತು. ವಿಂಡೋಸ್ 8ರಿಂದ ಡಿಫಾಲ್ಟ್ ತಿರುಗಿತು: ಒಂದು ಕಡೆ ಕನ್ನಡ ಮಾಡಿದರೆ ಎಲ್ಲ ಕಡೆಯೂ ಕನ್ನಡ. ಪಾಸ್‌ವರ್ಡ್ ಹೊಡೆಯಲು ಹೋಗಿ ಚುಕ್ಕಿಗಳ ಹಿಂದೆ ಕನ್ನಡ ಅಕ್ಷರ ತುಂಬಿ, ಮೂರು ಸಲ ತಪ್ಪಾಗಿ, ಖಾತೆ ಲಾಕ್ ಆದ ಮೇಲೆ ಗೊತ್ತಾಗುತ್ತದೆ. ಹಳೆಯ ರೀತಿ ಹೋಗಿಲ್ಲ, ಅಡಗಿದೆ. ಸೆಟ್ಟಿಂಗ್ಸ್ > ಟೈಮ್ ಆಂಡ್ ಲ್ಯಾಂಗ್ವೇಜ್ > ಟೈಪಿಂಗ್ > ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಪ್ರತಿ ಆ್ಯಪ್ ಕಿಟಕಿಗೂ ಬೇರೆ ಇನ್‌ಪುಟ್ ಮೆಥಡ್ ಬಳಸಲು ಬಿಡಿ ಎಂಬರ್ಥದ ಸಾಲಿದೆ, ಅದಕ್ಕೆ ಟಿಕ್ ಹಾಕಿ. ಅದರ ಕೆಳಗೇ ಹಳೆಯ ಲ್ಯಾಂಗ್ವೇಜ್ ಬಾರ್ ಮರಳಿ ತರುವ ಟಿಕ್ ಕೂಡ ಇದೆ.

ಭಾಷೆ ಬದಲಿಸಲು ಎಡ ಆಲ್ಟ್ ಮತ್ತು ಶಿಫ್ಟ್ ಒತ್ತುವ ಅಭ್ಯಾಸ ನಿಮ್ಮದಾಗಿದ್ದು ಅದು ಕೆಲಸ ಮಾಡದಿದ್ದರೆ, ಅದೇ ಪುಟದ ಇನ್‌ಪುಟ್ ಲ್ಯಾಂಗ್ವೇಜ್ ಹಾಟ್ ಕೀಸ್ ತೆರೆದು ಮತ್ತೆ ಕಟ್ಟಿಕೊಳ್ಳಬಹುದು. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೂ ಭಾಷೆ ಬದಲಾಗುತ್ತದೆ. ಹೊಸದಾಗಿ ಕಲಿಯುವವರು ಇದನ್ನೇ ಕಲಿಯಲಿ. ಅಂದಹಾಗೆ, ಕನ್ನಡ ಸೇರಿಸುವಾಗ ವಿಂಡೋಸ್ ಕೊಡುವುದು ತನ್ನ ಕೀಬೋರ್ಡ್ ವಿನ್ಯಾಸಗಳನ್ನು. ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಒಗ್ಗಿದವರು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಂಡು ಅದನ್ನೇ ಮುಂದುವರಿಸಿ. ಅಪ್‌ಡೇಟ್ ಆಯಿತೆಂದು ಬೆರಳಿನ ವಿದ್ಯೆ ಬಿಡುವುದು ಮೂರ್ಖತನ.

ಇನ್ನು ಫಾಂಟ್. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಯೂನಿಕೋಡ್ ಕನ್ನಡವೆಂದರೆ ತುಂಗಾ. ವಿಂಡೋಸ್ 8ರಲ್ಲಿ ನಿರ್ಮಲಾ ಯುಐ ಬಂತು, ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಪಟ್ಟಿಗೆ ಸರಿಯಿತು. ಹತ್ತು ವರ್ಷದ ಹಿಂದೆ ತುಂಗಾದಲ್ಲಿ ಮಾಡಿದ ಅರ್ಜಿ ನಮೂನೆ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರ ಕಾಣುತ್ತದೆ, ಆದರೆ ಬೇರೆ ಫಾಂಟ್. ಅಗಲ ಬೇರೆಯಾದ್ದರಿಂದ ಸಾಲು ಒಡೆಯುವ ಜಾಗ ಬದಲಾಗಿ, ಒಂದು ಪುಟದ್ದು ಒಂದೂಕಾಲು ಪುಟವಾಗುತ್ತದೆ. ಸಹಿ ಜಾಗ ಒಂಟಿಯಾಗಿ ಎರಡನೇ ಹಾಳೆಗೆ ಹೋಗುತ್ತದೆ. ಫೈಲ್ ಕೆಟ್ಟಿತೆಂದು ಮತ್ತೆ ಟೈಪ್ ಮಾಡಲು ಕೂತವರನ್ನು ಕಂಡಿದ್ದೇನೆ. ಮಾಡಬೇಕಾದದ್ದು ಇಷ್ಟೇ: ಸೆಟ್ಟಿಂಗ್ಸ್ > ಸಿಸ್ಟಮ್ > ಆಪ್ಷನಲ್ ಫೀಚರ್ಸ್ ತೆರೆದು, ಸೇರಿಸುವ ಪಟ್ಟಿಯಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಹುಡುಕಿ ಇನ್‌ಸ್ಟಾಲ್ ಮಾಡಿ. ಇಂಟರ್‌ನೆಟ್ ಬೇಕು. ವರ್ಡ್ ಮುಚ್ಚಿ ತೆರೆದರೆ ಹಳೆಯ ಅರ್ಜಿ ಹಳೆಯ ಅಳತೆಯಲ್ಲೇ ಕೂರುತ್ತದೆ.

ಮೌಸ್ ಸೋತಲ್ಲಿ ಕೀಬೋರ್ಡ್

ಇಷ್ಟು ವರ್ಷ ಬದಲಾವಣೆಗಳನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಒಂದು: ಮೌಸಿನ ಅಭ್ಯಾಸ ಬೇಗ ಸಾಯುತ್ತದೆ, ಕೀಲಿಯ ಅಭ್ಯಾಸ ಬಹುಕಾಲ ಬದುಕುತ್ತದೆ. ಬಟನ್ ಎಲ್ಲಿರಬೇಕೆಂದು ವಿನ್ಯಾಸಕಾರರು ಪ್ರತಿ ಆವೃತ್ತಿಯಲ್ಲೂ ತಲೆ ಓಡಿಸುತ್ತಾರೆ. ಕೀಲಿಗಳು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅವುಗಳ ಗೋಜಿಗೆ ಹೋಗುವವರು ಕಡಿಮೆ.

ಸಾಕ್ಷಿ ಬೇಕಿದ್ದರೆ ಎಕ್ಸೆಲ್ ತೆರೆಯಿರಿ. ಆಫೀಸ್ 2007ರಲ್ಲಿ ಮೆನುಗಳನ್ನೆಲ್ಲ ಕಿತ್ತು ರಿಬ್ಬನ್ ಎಂಬ ಬಟನ್ನುಗಳ ಪಟ್ಟಿ ತಂದರು. ಎಡಿಟ್ ಎಂಬ ಮೆನುವೇ ಇಲ್ಲವಾಯಿತು. ಏನಾದರೂ ಕಾಪಿ ಮಾಡಿ, ಆಲ್ಟ್ ಒತ್ತಿ ಬಿಟ್ಟು, ಇ ಒತ್ತಿ, ಎಸ್ ಒತ್ತಿ. ಪೇಸ್ಟ್ ಸ್ಪೆಷಲ್ ಕಿಟಕಿ ತೆರೆಯುತ್ತದೆ! ಇಲ್ಲದ ಮೆನುವಿನ ದಾರಿ ಈಗಲೂ ನಡೆಯುತ್ತದೆ. ಹಳೆಯ ಲೆಕ್ಕಿಗರು ರಿಬ್ಬನ್ ಬಂದಾಗ ತಲೆ ಕೆಡಿಸಿಕೊಳ್ಳದೇ ಇದ್ದದ್ದು ಇದರಿಂದಲೇ.

ನಿಮ್ಮ ಚೀಟಿಯಲ್ಲಿ ಉಳಿದ ಸಾಲುಗಳಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ನೋಡಿ. ಎಲ್ಲ ಒಟ್ಟಿಗೆ ಕಲಿಯಲು ಹೋಗಬೇಡಿ, ವಾರಕ್ಕೆ ಎರಡು ಸಾಕು.

- ಡೆಸ್ಕ್‌ಟಾಪ್ ಕಾಣಲು ವಿಂಡೋಸ್ ಕೀ ಮತ್ತು ಡಿ. ಮತ್ತೊಮ್ಮೆ ಒತ್ತಿದರೆ ಕಿಟಕಿಗಳು ಮರಳುತ್ತವೆ.
- ಫೈಲುಗಳಿಗೆ ವಿಂಡೋಸ್ ಕೀ ಮತ್ತು ಇ.
- ಟಾಸ್ಕ್ ಮ್ಯಾನೇಜರಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಮಿಕ್ಕೆಲ್ಲ ಹೆಪ್ಪುಗಟ್ಟಿದಾಗಲೂ ಹೆಚ್ಚಿನ ಸಲ ಇದು ತೆರೆಯುತ್ತದೆ.
- ಟಾಸ್ಕ್‌ಬಾರಿನ ಮೊದಲ ಗುರುತಿಗೆ ವಿಂಡೋಸ್ ಕೀ ಮತ್ತು 1, ಎರಡನೆಯದಕ್ಕೆ 2. ಟಾಸ್ಕ್‌ಬಾರ್ ಎಲ್ಲಿದ್ದರೇನು, ಅದನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.
- ಹೆಸರು ಬದಲಿಸಲು ಎಫ್2.

ರೈಟ್ ಕ್ಲಿಕ್ ಮೆನುವಿನ ವಿಷಯ ಸ್ವಲ್ಪ ಬೇರೆ. ವಿಂಡೋಸ್ 11ರಲ್ಲಿ ಕಟ್, ಕಾಪಿ, ಪೇಸ್ಟ್ ಮೆನುವಿನ ತುದಿಯಲ್ಲಿ ಬರಿಯ ಚಿತ್ರಗಳಾದವು. ಅವುಗಳ ಕೆಳಗೆ ಹೆಸರು ಬಂದದ್ದು 24ಎಚ್2ರಲ್ಲಿ, ಮೂರು ವರ್ಷದ ಮೇಲೆ. ಜಿಪ್ ಸಾಫ್ಟ್‌ವೇರಿನಂಥ ಹಲವು ಹಳೆಯ ಪ್ರೋಗ್ರಾಮುಗಳ ಸಾಲುಗಳು ಶೋ ಮೋರ್ ಆಪ್ಷನ್ಸ್ ಎಂಬುದರ ಹಿಂದೆ ಹೋದವು. ಅಲ್ಲಿಗೆ ಎರಡು ಸಲ ಕ್ಲಿಕ್ ಮಾಡುವ ಬದಲು ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ. ನೇರವಾಗಿ ಹಳೆಯ ಉದ್ದ ಮೆನು ಬರುತ್ತದೆ. ಫೈಲ್ ಆರಿಸಿ ಶಿಫ್ಟ್ ಎಫ್10 ಒತ್ತಿದರೂ ಅದೇ. ಎಡಗೈ ಕಿರುಬೆರಳು ಹೇಗೂ ಶಿಫ್ಟ್ ಪಕ್ಕದಲ್ಲೇ ಇರುತ್ತದೆ, ಎರಡು ದಿನಕ್ಕೆ ಕೈಗೆ ಬರುತ್ತದೆ. ಇದಕ್ಕಾಗಿ ರಿಜಿಸ್ಟ್ರಿ ತಿದ್ದುವ ಉಪಾಯವೂ ಇದೆ, ನಾನು ಮಾತ್ರ ಶಿಫ್ಟ್‌ನಲ್ಲೇ ನೆಮ್ಮದಿಯಾಗಿದ್ದೇನೆ.

ಕೀಲಿಗಳೆಲ್ಲ ಪತಿವ್ರತೆಯರೆಂದು ಹೇಳುತ್ತಿಲ್ಲ. ವಿಂಡೋಸ್ ಕೀ ಮತ್ತು ಸಿ ಒತ್ತಿದರೆ ವಿಂಡೋಸ್ 8ರಲ್ಲಿ ಚಾರ್ಮ್ಸ್ ಪಟ್ಟಿ ಬರುತ್ತಿತ್ತು, 10ರಲ್ಲಿ ಕೊರ್ಟಾನಾ ಎಂಬ ಧ್ವನಿ ಸಹಾಯಕಿ, 11ರಲ್ಲಿ ಮೊದಲು ಟೀಮ್ಸ್ ಚಾಟ್, ಆಮೇಲೆ ಕೋಪೈಲಟ್ ಎಂಬ ಎಐ ಸಹಾಯಕ. ಕಂಪನಿ ಆ ವರ್ಷ ಏನನ್ನು ಮಾರಲು ಹೊರಟಿತ್ತೆಂದು ಆ ಒಂದು ಕೀಲಿ ನೋಡಿ ಹೇಳಬಹುದು.

ಹೊರಗಿನ ಸಲಕರಣೆ ಕೊನೆಗೆ

ಸೆಟ್ಟಿಂಗಿನಲ್ಲೂ ಇಲ್ಲ, ಕೀಲಿಯೂ ಇಲ್ಲ, ಅದಿಲ್ಲದೆ ಕೆಲಸ ಸಾಗದು ಎಂದಾದರೆ ಹೊರಗಿನ ಸಲಕರಣೆಗಳಿವೆ. ಸ್ಟಾರ್ಟ್ ಮೆನು ಹಳೆಯಂತೆ ಬೇಕೆಂದರೆ ಓಪನ್ ಶೆಲ್, ಉಚಿತ. ಹಿಂದಿನ ಕ್ಲಾಸಿಕ್ ಶೆಲ್‌ನ ಮುಂದುವರಿಕೆ ಇದು. ಟಾಸ್ಕ್‌ಬಾರನ್ನೇ ಹಳೆಯ ರೀತಿಗೆ ತರಲು ಎಕ್ಸ್‌ಪ್ಲೋರರ್ ಪ್ಯಾಚರ್ ಉಚಿತವಾಗಿಯೂ ಸ್ಟಾರ್ಟ್ ಆಲ್ ಬ್ಯಾಕ್ ಹಣಕ್ಕೂ ಸಿಗುತ್ತವೆ. ಸ್ಟಾರ್‌ಡಾಕ್‌ನ ಸ್ಟಾರ್ಟ್11 ಕೂಡ ಹಣ ಕೊಟ್ಟು ಕೊಳ್ಳುವಂಥದ್ದು.

ಇವು ಬೇರೆ ಪ್ರೋಗ್ರಾಮುಗಳಂತೆ ಪಕ್ಕದಲ್ಲಿ ಓಡುವವಲ್ಲ, ವಿಂಡೋಸಿನ ಒಳಗೇ ಕೈ ಹಾಕುತ್ತವೆ. ಆ ಒಳಭಾಗವನ್ನು ಮುಂದಿನ ಅಪ್‌ಡೇಟ್ ಬದಲಿಸಿದರೆ ಸಲಕರಣೆಯೂ ಹೊಸದಾಗಬೇಕು. ನನಗೊಮ್ಮೆ ಇಂಥದ್ದೊಂದನ್ನು ಹಾಕಿಕೊಂಡು, ತಿಂಗಳ ಅಪ್‌ಡೇಟ್ ಬಂದ ಮರುದಿನ ಬೆಳಿಗ್ಗೆ ಬರಿಯ ನೀಲಿ ಹಿನ್ನೆಲೆ ಬಿಟ್ಟು ಏನೂ ಕಾಣದಿದ್ದದ್ದು ನೆನಪಿದೆ. ತಪ್ಪು ನನ್ನದೇ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದ ರಿಸ್ಟೋರ್ ಪಾಯಿಂಟ್ ಮಾಡಿರಲಿಲ್ಲ. 2024ರಲ್ಲಿ 24ಎಚ್2 ಹಾಕಲು ಹೋದವರಿಗೆ, ಮೊದಲು ಈ ಬಗೆಯ ಸಲಕರಣೆ ತೆಗೆಯಿರಿ ಎಂದು ಇನ್‌ಸ್ಟಾಲರೇ ತಡೆದದ್ದೂ ಉಂಟು.

ಆದ್ದರಿಂದ ಹೀಗೆ ಮಾಡಿ. ಸ್ಟಾರ್ಟ್‌ನಲ್ಲಿ ರಿಸ್ಟೋರ್ ಪಾಯಿಂಟ್ ಎಂದು ಇಂಗ್ಲಿಷಿನಲ್ಲಿ ಹುಡುಕಿ ಕ್ರಿಯೇಟ್ ಎಂಬುದನ್ನು ತೆರೆಯಿರಿ. ಸಿ ಡ್ರೈವಿಗೆ ಪ್ರೊಟೆಕ್ಷನ್ ಆಫ್ ಎಂದಿದ್ದರೆ ಮೊದಲು ಆನ್ ಮಾಡಿ, ಆಮೇಲೆ ಒಂದು ಪಾಯಿಂಟ್ ಮಾಡಿ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಸಲಕರಣೆಯನ್ನು ಅದನ್ನು ಬರೆದವರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ. ಕಚೇರಿಯ ಕಂಪ್ಯೂಟರ್ ಆದರೆ ಐಟಿಯವರನ್ನು ಕೇಳದೆ ಬೇಡವೇ ಬೇಡ.

ಅಕಸ್ಮಾತ್ ಸ್ಕ್ರೀನ್ ಖಾಲಿಯಾದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ. ಬಲ ಕೆಳಗೆ ಪವರ್ ಗುರುತು ಬರುತ್ತದೆ. ಶಿಫ್ಟ್ ಹಿಡಿದುಕೊಂಡೇ ರಿಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್ > ಅಡ್ವಾನ್ಸ್ಡ್ ಆಪ್ಷನ್ಸ್ > ಸಿಸ್ಟಮ್ ರಿಸ್ಟೋರ್ ಮೂಲಕ ಆ ಪಾಯಿಂಟಿಗೆ ಮರಳಬಹುದು. ಬಿಟ್‌ಲಾಕರ್ ಕೀ ಕೇಳುವುದು ಇಲ್ಲಿಯೇ.

ಲಿನಕ್ಸ್‌ನವರಿಗೆ

ಲಿನಕ್ಸ್‌ನಲ್ಲಿ ಈ ತಾಪತ್ರಯ ಇಲ್ಲವೆಂದುಕೊಂಡರೆ ತಪ್ಪು. 2011ರ ಏಪ್ರಿಲ್‌ನಲ್ಲಿ ಲಿನಕ್ಸಿನ ಡೆಸ್ಕ್‌ಟಾಪುಗಳಲ್ಲಿ ಒಂದಾದ ಗ್ನೋಮ್‌ನ 3ನೇ ಆವೃತ್ತಿ ಬಂದಾಗ ಕಿಟಕಿಯ ಮಿನಿಮೈಸ್ ಬಟನ್ನೇ ಹೋಯಿತು. 2018ರ 3.28ರಲ್ಲಿ ಡೆಸ್ಕ್‌ಟಾಪಿನ ಮೇಲೆ ಫೈಲ್ ಇಡುವುದೂ ಹೋಯಿತು. ವ್ಯತ್ಯಾಸವೆಂದರೆ, ಅಲ್ಲಿ ಸಿಟ್ಟಾದವರು ಕೋಡ್ ಎತ್ತಿಕೊಂಡು ಬೇರೆ ಒಲೆ ಹೂಡಬಹುದು. ಗ್ನೋಮ್ 2ನ್ನು ಮುಂದುವರಿಸಿದ ಮಾಟೆ, ಲಿನಕ್ಸ್ ಮಿಂಟ್‌ನವರ ಸಿನಮನ್ ಹುಟ್ಟಿದ್ದು ಹಾಗೆಯೇ. ಮಿನಿಮೈಸ್ ಬಟನ್ ಬೇಕಿದ್ದರೆ ಗ್ನೋಮ್ ಟ್ವೀಕ್ಸ್ ಸಾಕು, ಕೆಳಗೊಂದು ಟಾಸ್ಕ್‌ಬಾರ್ ಬೇಕಿದ್ದರೆ ಡ್ಯಾಶ್ ಟು ಪ್ಯಾನೆಲ್ ಎಕ್ಸ್‌ಟೆನ್ಶನ್ ಇದೆ. ಆದರೆ ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಎಕ್ಸ್‌ಟೆನ್ಶನ್‌ಗಳು ಹಿಂದೆ ಬೀಳುತ್ತವೆ. ನಾಲ್ಕು ಎಕ್ಸ್‌ಟೆನ್ಶನ್ ಹಾಕಿದರೂ ಸಮಾಧಾನವಿಲ್ಲವೆಂದರೆ ಮಾಟೆಗೋ ಎಕ್ಸ್‌ಎಫ್‌ಸಿಇಗೋ ಹೋಗಿಬಿಡಿ.

ದೂರನ್ನೂ ಬರೆಯಿರಿ

ವಿಂಡೋಸ್ ಕೀ ಮತ್ತು ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಹೊಸ ದೂರು ಬರೆಯುವ ಮೊದಲು ಅದೇ ದೂರು ಆಗಲೇ ಇದೆಯೇ ಹುಡುಕಿ, ಇದ್ದರೆ ಅದಕ್ಕೆ ನಿಮ್ಮ ಮತ ಸೇರಿಸಿ. ಸಾವಿರ ಬಿಡಿ ದೂರಿಗಿಂತ ಸಾವಿರ ಮತವಿರುವ ಒಂದು ದೂರಿಗೆ ಬೆಲೆ. ಕನ್ನಡ ಕೀಬೋರ್ಡ್ ಮತ್ತು ಫಾಂಟಿನ ತೊಂದರೆಗಳನ್ನು ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಇದರಿಂದ ಏನಾಗುತ್ತದೆ ಎನ್ನುವವರಿಗೆ ಒಂದು ಹಳೆಯ ಕಥೆ. 2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ನೇ ಇಲ್ಲದೆ ಬಂತು. ಗಲಾಟೆಯಾಯಿತು. ಒಂದು ವರ್ಷಕ್ಕೆ 8.1ರಲ್ಲಿ ಬಟನ್ ಬಂತು, ಒತ್ತಿದರೆ ತೆರೆಯುವುದು ಮಾತ್ರ ಅದೇ ದೊಡ್ಡ ಚೌಕಗಳ ಪರದೆ. ಮೆನು ಪೂರ್ತಿಯಾಗಿ ಬಂದದ್ದು 2015ರ ಜುಲೈನಲ್ಲಿ, ವಿಂಡೋಸ್ 10ರ ಜೊತೆ. ಸುಮಾರು ಮೂರು ವರ್ಷ ಹಿಡಿಯಿತು.

ಮುಂದಿನ ಅಪ್‌ಡೇಟ್‌ಗೆ ಮೊದಲು

ಎಲ್ಲ ಸರಿಮಾಡಿಕೊಂಡ ದಿನವೇ ಆ ಸೆಟ್ಟಿಂಗ್ ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ. ದೊಡ್ಡ ಅಪ್‌ಡೇಟ್ ಕೆಲವು ಟಿಕ್‌ಗಳನ್ನು ಮತ್ತೆ ತಿರುಗಿಸಿದರೆ ನೋಡಿಕೊಂಡು ಐದು ನಿಮಿಷದಲ್ಲಿ ಸರಿಪಡಿಸಬಹುದು.

ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಪಾಜ್ ಎಂಬ ಆಯ್ಕೆಯಿದೆ, 5 ವಾರದ ತನಕ ತಡೆಹಿಡಿಯಬಹುದು. ಇದು ಅಪ್‌ಡೇಟ್ ತಪ್ಪಿಸಲು ಅಲ್ಲ, ಹೊತ್ತು ಆರಿಸಿಕೊಳ್ಳಲು. ಮದುವೆ ಸೀಸನ್ನಿನಲ್ಲಿ ಪ್ರಿಂಟಿಂಗ್ ಅಂಗಡಿಯವರು, ಮಾರ್ಚ್ ಕೊನೆಯಲ್ಲಿ ಲೆಕ್ಕಪತ್ರದವರು ಮುಂಚಿತವಾಗಿಯೇ ತಡೆದಿಟ್ಟು, ಕೆಲಸ ಇಳಿದ ಒಂದು ಶನಿವಾರ ಸಂಜೆ ಹಾಕಿಕೊಳ್ಳಿ. ಎರಡು ಕಂಪ್ಯೂಟರ್ ಇದ್ದರೆ ಒಂದಕ್ಕೆ ಮೊದಲು ಹಾಕಿ, ವಾರ ಬಿಟ್ಟು ಇನ್ನೊಂದಕ್ಕೆ.

ಊರಿನಲ್ಲಿರುವ ಅಪ್ಪನ ಕಂಪ್ಯೂಟರ್

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಊರಿನ ಕಂಪ್ಯೂಟರಿಗೆ ಫೋನಿನಲ್ಲಿ ವೈದ್ಯ ಮಾಡುವವರಿಗೆ ಈ ಮಾತುಕತೆ ಹೊಸದಲ್ಲ.

"ಅಪ್ಪಾ, ಎಡಗಡೆ ಕೆಳಗೆ ಮೂಲೆಗೆ ಹೋಗಿ ಒತ್ತಿ."

"ಒತ್ತಿದೆ ಕಣೋ. ಮಳೆ ಬರುತ್ತೆ ಅಂತ ತೋರಿಸ್ತಿದೆ."

"ಮಳೆನಾ?"

"ಮೋಡದ ಚಿತ್ರ ಇದೆ. ಇಪ್ಪತ್ತಾರು ಡಿಗ್ರಿ."

ಸ್ಟಾರ್ಟ್ ನಡುವಿಗೆ ಹೋದ ಮೇಲೆ ಎಡಮೂಲೆಯಲ್ಲಿ ಹವಾಮಾನ ಕೂತಿದೆ. ಮಗನ ತಲೆಯಲ್ಲಿ ಇನ್ನೂ ಹಳೆಯ ನಕ್ಷೆ. ಇಂಥ ಹೊತ್ತಿನಲ್ಲಿ ಜಾಗ ಹೇಳಬೇಡಿ, ಕೀಲಿ ಹೇಳಿ: "ನಾಲ್ಕು ಚೌಕದ ಗುರುತಿರೋ ಕೀ ಒತ್ತಿ." ಯಾವ ಆವೃತ್ತಿಯಾದರೂ ಸ್ಟಾರ್ಟ್ ತೆರೆಯುತ್ತದೆ. ಅದಕ್ಕಿಂತ ಸುಲಭದ್ದು ಕ್ವಿಕ್ ಅಸಿಸ್ಟ್. ಇಬ್ಬರೂ ವಿಂಡೋಸ್ ಕೀ, ಕಂಟ್ರೋಲ್, ಕ್ಯೂ ಒತ್ತಿ ತೆರೆಯಿರಿ. ನೀವು ಸಹಾಯ ಮಾಡುವವರಾಗಿ ಸೈನ್ ಇನ್ ಆಗಿ ಪಡೆದ ಕೋಡನ್ನು ಅಪ್ಪ ಟೈಪ್ ಮಾಡಿದರೆ ಅವರ ಸ್ಕ್ರೀನ್ ನಿಮಗೆ ಕಾಣುತ್ತದೆ, ಅವರು ಒಪ್ಪಿದರೆ ಮೌಸೂ ನಿಮ್ಮ ಕೈಗೆ. ಇದೇ ಸಲಕರಣೆಯನ್ನು ಬ್ಯಾಂಕಿನವರೆಂದು ಹೇಳಿಕೊಳ್ಳುವ ವಂಚಕರೂ ಬಳಸುತ್ತಾರೆ. ಮಗ, ಮಗಳು ಬಿಟ್ಟು ಬೇರೆ ಯಾರು ಫೋನ್ ಮಾಡಿ ಕೋಡ್ ಹಾಕಿ ಎಂದರೂ ಫೋನ್ ಇಟ್ಟುಬಿಡಿ ಎಂದು ಮೊದಲೇ ಹೇಳಿರಿ.

ಒಳಗೆ ಹೋದಾಗ ಅವರ ಡೆಸ್ಕ್‌ಟಾಪನ್ನು ನಿಮಗೆ ಬೇಕಾದಂತೆ ಜೋಡಿಸಬೇಡಿ. "ಅಪ್ಪಾ, ಮೊದಲು ಹೇಗಿತ್ತು?" ಎಂದು ಕೇಳಿ, ಹಾಗೇ ಇಟ್ಟು ಬನ್ನಿ.